ಕೈಗೆಟುಕದ ಕರೆಗಂಟೆ

ಹಿರಿಯರು ಮಂಚ ನೋಡಲಿಲ್ಲ, ಹಾಸಿಗೆ ಮುಟ್ಟಲಿಲ್ಲ. ಕೋಣೆಯೊಳಗೆ ಕಾಲಿಟ್ಟವರೇ ಕತ್ತೆತ್ತಿ ಕಿಟಕಿಯ ಪರದೆ ತೂಗುವ ಸರಳನ್ನು ನೋಡಿದರು.

ವೃದ್ಧಾಶ್ರಮದ ಮ್ಯಾನೇಜರ್ ತಟ್ಟನೆ ಕಿಟಕಿಗೆ ಅಡ್ಡ ಬಂದು ನಿಂತ. ಕರೆಗಂಟೆಯ ವೈರು ಇದ್ದದ್ದು ಅಲ್ಲೇ. ಮಲಗಿದವರು ಹೊತ್ತುಗೊತ್ತಿಲ್ಲದೆ ಗುಂಡಿ ಒತ್ತಿ ಪ್ರಾಣ ತಿನ್ನಬಾರದೆಂದು ಆಯಾ ಅದನ್ನು ಸುರುಳಿ ಸುತ್ತಿ ಮೇಲೆ ಸಿಕ್ಕಿಸಿದ್ದಳು. ಏಳು ಸಮುದ್ರದಾಚೆಯ ರಾಕ್ಷಸನ ಪ್ರಾಣ ಗಿಳಿಯೊಳಗೆ ಇರುತ್ತದಲ್ಲ, ಹಾಗೆ ಮ್ಯಾನೇಜರನ ಪ್ರಾಣ ಈಗ ಆ ಸುರುಳಿಯೊಳಗೆ ನೇತಾಡತೊಡಗಿತು.

“ಗಂಟೆಗೆ ಅಲ್ಲಿ ಗಾಳಿ ಚೆನ್ನಾಗಿ ಬರುತ್ತಾ?” ಎಂದರು ಹಿರಿಯರು.

“ಇವತ್ತು ಕ್ಲೀನಿಂಗ್ ಇತ್ತು ಸಾರ್...”

“ಇರುತ್ತೆ, ಇರುತ್ತೆ. ದಿನಾ ಇರುತ್ತೆ.”

ಹಿರಿಯರ ಮಗಳು ಹಿಂದೆ ನಿಂತಿದ್ದಳು. ಫೋನೂ ಮಾಡದೆ ಬಂದವಳು, “ಅಪ್ಪನಿಗೊಂದು ಹಾಸಿಗೆ ಬೇಕು” ಎಂದಷ್ಟೇ ಬಾಗಿಲಲ್ಲಿ ಹೇಳಿದ್ದಳು. ಒಂದು ಕೈಯಲ್ಲಿ ಅಪ್ಪನ ಬಟ್ಟೆಯ ಚೀಲ, ಇನ್ನೊಂದರಲ್ಲಿ ಮೊಬೈಲು.

ಮುಂದಿನ ಉದ್ದನೆಯ ಕೋಣೆಯಲ್ಲಿ ಸಾಲು ಸಾಲು ಮಂಚ. ಹೊರಗೆ ನಡುಹಗಲಿನ ಬಿಸಿಲು, ಒಳಗೆ ಎಲ್ಲರಿಗೂ ನಿದ್ದೆ. ಮಾಟಗಾತಿಯೊಬ್ಬಳು ಒಂದಿಡೀ ಊರನ್ನು ಊದಿ ಮಲಗಿಸಿದಂಥ ನಿದ್ದೆ.

“ಮಾತ್ರೆ ಬಲವಾಗೇ ಬಿದ್ದಿದೆ.”

“ಆರಾಮಾಗಿ ಮಲಗಲಿ ಅಂತ ಕೊಡೋದು ಸಾರ್.”

“ಯಾರು? ಅವರೋ, ನಿಮ್ಮ ಆಯಾನೋ?”

ಹಿರಿಯರು ಒಂದು ಮಂಚದ ಬಳಿ ಬಗ್ಗಿ ಮೂಗರಳಿಸಿದರು. “ಪೌಡರು ಇಷ್ಟು ಘಮಘಮ ಅಂದ್ರೆ ಬೆನ್ನು ಹುಣ್ಣಾಗಿದೆ ಅಂತ ಅರ್ಥ.” ಪಕ್ಕದ ಕೂಜದೊಳಗೆ ಇಣುಕಿದರು. ಕುಡಿಯುವವರ ಕೈಗೆ ಸಿಗದ ಆ ನೀರಿನ ಮೇಲೆ ಧೂಳು ಕೆನೆ ಕಟ್ಟಿತ್ತು.

ಕಿಟಕಿಯ ಪಕ್ಕದ ಅಜ್ಜಿಯೊಬ್ಬಳೇ ಎಚ್ಚರವಿದ್ದಳು. ಹಿರಿಯರ ಅಂಗಿಯ ತುದಿ ಹಿಡಿದುಕೊಳ್ಳಲು ಅವಳು ಕೈ ಚಾಚಿದಾಗ ರವಿಕೆಯ ತೋಳು ಮೇಲೆ ಸರಿಯಿತು. ಚರ್ಮ ನೇರಳೆಗಟ್ಟಿತ್ತು.

“ಬಚ್ಚಲಲ್ಲಿ ಬಿದ್ಬಿಟ್ರು, ಪಾಪ” ಎಂದ ಮ್ಯಾನೇಜರ್.

“ಬಚ್ಚಲಿಗೆ ನಾಲ್ಕು ಬೆರಳು, ಒಂದು ಹೆಬ್ಬೆಟ್ಟು ಇರುತ್ತೇನಪ್ಪಾ?”

“ದೇವರ ಹಾಗೆ ಬಂದೆ ನನ್ನಪ್ಪಾ” ಎಂದಳು ಅಜ್ಜಿ. ಹಿರಿಯರು ಅವಳ ಹಿಡಿತವನ್ನು ಒಂದೊಂದೇ ಬೆರಳಾಗಿ, ನೋಯಿಸದಂತೆ, ಅಭ್ಯಾಸವಿದ್ದವರ ಹಾಗೆ ಬಿಡಿಸಿಕೊಂಡರು. ಮಗಳು ಮಾತ್ರ ಆ ಮಂಚದ ಅಂಚಿನಲ್ಲಿ ಕೂತುಬಿಟ್ಟಳು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇವರು ರಿಟೈರಾದ ಜಡ್ಜೇ ಇರಬೇಕು ಎಂದು ಮ್ಯಾನೇಜರ್ ಲೆಕ್ಕ ಹಾಕಿದ. ಮಗಳನ್ನು ಅಲ್ಲೇ ಬಿಟ್ಟು ಹಿರಿಯರನ್ನು ಉಪಾಯವಾಗಿ ಆಫೀಸಿಗೆ ಕರೆದೊಯ್ದ. ಅವರು ಬಂದವರ ಕುರ್ಚಿ ಬಿಟ್ಟು ಸೀದಾ ಮ್ಯಾನೇಜರನ ಕುರ್ಚಿಯಲ್ಲಿ ಕೂತರು. ಇವನು ಎದುರಿಗೆ ಕೈ ಕಟ್ಟಿ ನಿಂತ.

“ಸಾರ್‌ಗೆ ಈ ವಿಷಯದಲ್ಲಿ ತುಂಬಾ ಅನುಭವ...”

“ಮೂವತ್ತು ವರ್ಷ ಕಣಪ್ಪಾ. ಕೋರ್ಟಿನ ಮೆಟ್ಟಿಲಿಗೂ ನನ್ನ ಚಪ್ಪಲಿ ಗುರುತು ಸಿಗುತ್ತೆ.”

ಮ್ಯಾನೇಜರ್ ಫ್ಯಾನಿನ ವೇಗ ಹೆಚ್ಚಿಸಿದ.

“ನಿಮ್ಮ ಪುಣ್ಯ, ಮನೆಯವರಿಗೆ ದಾರಿ ಗೊತ್ತಿಲ್ಲ” ಎಂದರು ಹಿರಿಯರು. “ನಿಮ್ಮ ಹತ್ರಾನೇ ಬಂದು ಕೂಗಾಡಿ ಹೋಗ್ತಾರೆ. ಮಾರನೇ ದಿನ ಹೊಸ ಬೆಡ್‌ಶೀಟು, ಗುರುತೆಲ್ಲಾ ಮಾಯ. ಬುದ್ಧಿ ಇರೋರು ಕೂಗಾಡಲ್ಲ. ಮೊದಲು ಫೋಟೋ ಹೊಡ್ಕೋತಾರೆ. ಹೊರಗಿನ ಡಾಕ್ಟರಿಗೆ ತೋರಿಸಿ ಬರೆಸ್ಕೋತಾರೆ. ಆಮೇಲೆ ಪೊಲೀಸು, ಲೈಸೆನ್ಸ್ ಕೊಟ್ಟ ಆಫೀಸು, ಪರಿಹಾರಕ್ಕೆ ಕೋರ್ಟು. ಆಗ ನೋಡು ಮಜಾ! ದೂರು ಬಿದ್ದ ಆಶ್ರಮದಷ್ಟು ಒಳ್ಳೇ ಆಶ್ರಮ ಊರಲ್ಲೇ ಇರಲ್ಲ. ಬೆಕ್ಕಿನ ಉಗುರೂ ಕತ್ತರಿಸಿ ಇಟ್ಟಿರ್ತಾರೆ.”

ತಮ್ಮ ಮಾತಿಗೆ ತಾವೇ ನಕ್ಕರು. ನಗು ಮುಗಿದದ್ದೇ ಎದ್ದು ನಿಂತರು. “ನನಗಂತೂ ಇಲ್ಲಿ ಬೇಡ. ಸತ್ರೂ ಬೇಡ. ಎಲ್ಲಿ ನನ್ನ ಮಗಳು?” ಎನ್ನುತ್ತ ಅವರು ಹೊರಗೆ ಧಾವಿಸಿದರು, ಮ್ಯಾನೇಜರ್ ಹಿಂದೆಯೇ.

ಮಗಳು ಮೊದಲಿನ ಕೋಣೆಯಲ್ಲಿ ಸ್ಟೂಲು ಹತ್ತಿದ್ದಳು. ಸರಳಿನಿಂದ ವೈರು ಬಿಡಿಸಿ, ಗುಂಡಿಯನ್ನು ದಿಂಬಿನ ಪಕ್ಕಕ್ಕೆ ತಂದಿಟ್ಟಳು. ಒತ್ತಿ ನೋಡಿದಳು. ಎಲ್ಲೋ ದೂರದಲ್ಲಿ, ಬಹಳ ದಿನದ ಮೇಲೆ ಬಾಯಿ ಬಂದ ಮೂಕನಂತೆ, ಗಂಟೆ ಗೊಗ್ಗರಾಗಿ ಕೂಗಿತು.

“ಆ ಅಜ್ಜಿಗೆ ಮಗನ ನಂಬರು ಬಾಯಿಪಾಠ” ಎಂದಳು ಸ್ಟೂಲಿನಿಂದ ಇಳಿಯುತ್ತ. “ಫೋನು ಕೊಡೋರು ಇರಲಿಲ್ಲ ಅಷ್ಟೇ. ಮಗ ಹೊರಟಿದಾರೆ, ಅಜ್ಜೀನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರೆ. ತೋಳಿನ ಫೋಟೋ ಕಳಿಸಿದೀನಿ. ದೂರು ಇವತ್ತೇ.”

ಮ್ಯಾನೇಜರ್ ಅವಳ ಮೊಬೈಲಿನತ್ತ ನೋಡಿದ.

“ಭೇಷ್, ನನ್ನ ಮಗಳು ಅಂದ್ರೆ ನೀನು!” ಹಿರಿಯರ ಮುಖ ಅರಳಿತು. “ನಡಿಯಮ್ಮಾ, ಹೋಗೋಣ.”

“ನೀನೆಲ್ಲಿಗಪ್ಪಾ?” ಮಗಳು ಬಟ್ಟೆಯ ಚೀಲವನ್ನು ಮಂಚದ ಮೇಲಿಟ್ಟಳು. “ದೂರು ಬಿದ್ದ ಆಶ್ರಮದಷ್ಟು ಒಳ್ಳೇದು ಊರಲ್ಲೇ ಇರಲ್ಲ ಅಂತ ನಾನು ಚಿಕ್ಕವಳಿದ್ದಾಗಿಂದ ಹೇಳ್ತಿದ್ದೀಯ. ನಾನು ಬಂದು ಹೋಗ್ತಾ ಇರ್ತೀನಿ. ಫೋನು ಮಾಡಿ ಬರಲ್ಲ.”

ಹಿರಿಯರು ಮಂಚದ ಮೇಲೆ ಕುಸಿದರು. ಅವರ ಕೈ ತಾನಾಗಿಯೇ ದಿಂಬಿನ ಪಕ್ಕದ ಗುಂಡಿಯನ್ನು ತಡಕಿತು.

ಮ್ಯಾನೇಜರ್ ತೊದಲಿದ. “ಮೇಡಂ... ಸಾರ್ ಜಡ್ಜ್ ಅಲ್ವಾ?”

“ಅಲ್ಲ. ನಿಮ್ಮ ಹಾಗೇ ಆಶ್ರಮ ನಡೆಸ್ತಿದ್ರು. ಅಲ್ಲಿ ಅವರ ಸ್ವಂತ ಅಮ್ಮನ ಗಂಟೆ ಇದ್ದಿದ್ದೂ ಪರದೆ ಸರಳಿನ ಮೇಲೇ.”