ಒಂದು ಸುತ್ತು ಸಡಿಲ

ಇಳಿಯಲಿ ಅಂತ ಅಳಿಯ ಸ್ಕ್ರೂ ಬಿಗಿ ಮಾಡಿದಷ್ಟೂ ಮಾವನವರ ಕಾರಿನ ಬೂಸ್ಟ್ ಏರುತ್ತಲೇ ಹೋಯಿತು. ಕಾಲು ಸುತ್ತು ಬಿಗಿ ಮಾಡಿ ಬೀದಿ ಸುತ್ತಿ ಬಂದರೆ ಮೀಟರಿನ ಮುಳ್ಳು ಹಳದಿಯಲ್ಲಿ. ಇನ್ನೂ ಕಾಲು ಸುತ್ತು ಬಿಗಿ ಮಾಡಿ ಬಂದರೆ ಕೆಂಪಿನ ಅಂಚಿನಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಗಾದೆಯನ್ನು ಅವನು ಕೇಳಿದ್ದ, ಬಾನೆಟ್ಟಿನೊಳಗೆ ನೋಡಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಎಳ್ಳುಕಾಳಿನಷ್ಟು ಸ್ಕ್ರೂ ತಿರುಗಿಸುವ ತನಗೆ ಇದು ಯಾವ ಮಹಾ ಕೆಲಸ ಅಂತ ಕೈ ಹಾಕಿದ್ದ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಗಿತ್ತು.

ಟರ್ಬೊ ಅಂದರೆ ಇಂಜಿನ್ನಿನ ಬಾಯಿಗೆ ಗಾಳಿ ತುರುಕುವ ಯಂತ್ರ. ಆ ಗಾಳಿಯ ಒತ್ತಡವೇ ಬೂಸ್ಟ್. ಕುಕ್ಕರಿಗೆ ವೇಯ್ಟ್ ಇದ್ದ ಹಾಗೆ, ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ಸಣ್ಣ ಬಾಗಿಲು ಇದಕ್ಕೂ ಉಂಟು. ಆ ಬಾಗಿಲು ಚೂರು ತಡವಾಗಿ ತೆರೆಯಲಿ, ಏರಿನಲ್ಲಿ ಕಾರು ಕೆಮ್ಮದಿರಲಿ ಅಂತ ಅಳಿಯ ಅದರ ಪೈಪಿನ ನಡುವೆ ಸ್ಕ್ರೂ ಇರುವ ಒಂದು ಹಿತ್ತಾಳೆ ವಾಲ್ವ್ ಸಿಕ್ಕಿಸಿದ್ದ. ಮಾವನವರನ್ನು ಕೇಳಿರಲಿಲ್ಲ. ಈಗ ಹೆಚ್ಚಾದದ್ದನ್ನು ಇಳಿಸಬೇಕಿತ್ತು. ಆ ಮನೆಯಲ್ಲಿ ಏನೇ ಹೆಚ್ಚಾದರೂ ಮದ್ದು ಒಂದೇ, ಬಿಗಿ ಮಾಡುವುದು.

ಮಾವನವರು ನಿವೃತ್ತ ಡ್ರಿಲ್ ಮೇಷ್ಟ್ರು. ಊರು ಅವರನ್ನು ಬಿಗಿ ಮೇಷ್ಟ್ರು ಅಂತಲೇ ಕರೆಯುತ್ತಿತ್ತು. ಅವರ ಬೆಲ್ಟು ಯಾವಾಗಲೂ ಕೊನೆಯ ತೂತಿನಲ್ಲಿ. ಅವರು ಮುಚ್ಚಿದ ಅಡುಗೆಮನೆಯ ನಲ್ಲಿಯನ್ನು ತೆರೆಯಲು ಅತ್ತೆ ಎರಡು ಕೈ, ಒಂದು ಮೊಣಕಾಲು, ಕೆಲವೊಮ್ಮೆ ಪಕ್ಕದ ಮನೆಯವರನ್ನೂ ಬಳಸಬೇಕಾಗುತ್ತಿತ್ತು. ಅವರು ಕಟ್ಟಿದ ಶೂ ಲೇಸು ಬಿಚ್ಚಲಾಗದೆ ಒಂದಿಡೀ ತರಗತಿ ಶೂ ಹಾಕಿಕೊಂಡೇ ಮದುವೆ ವಯಸ್ಸಿಗೆ ಬಂತು ಅಂತ ಜನ ಹೇಳುತ್ತಾರೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಅಳಿಯ ಬಾನೆಟ್ ಮುಚ್ಚುವಷ್ಟರಲ್ಲಿ ಮಾವ ಕೀಗಾಗಿ ಕೈ ಚಾಚಿ ನಿಂತಿದ್ದರು. ಅತ್ತೆ ತಂಗಿಯ ಮನೆಗೆ ಹೊರಟು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ತಾನೂ ಬರುತ್ತೇನೆಂದು ಅಳಿಯ ಮುಂದೆ ಹತ್ತಿಕೊಂಡು, ಡ್ಯಾಶ್‌ಬೋರ್ಡಿನ ಕೆಳಗೆ ತಾನೇ ಅಂಟಿಸಿದ್ದ ಬೂಸ್ಟ್ ಮೀಟರಿಗೆ ಕರವಸ್ತ್ರ ಹೊದಿಸಿದ. ಒಂದೇ ಸಮಾಧಾನವೆಂದರೆ, ಮಾವ ಜನ್ಮದಲ್ಲಿ ನಲವತ್ತು ದಾಟಿಸಿದವರಲ್ಲ. ಆ ವೇಗಕ್ಕೆ ಟರ್ಬೊ ಆಕಳಿಸುವುದೂ ಇಲ್ಲ.

ಮೇಲ್ಸೇತುವೆಯ ಏರಿನಲ್ಲಿ ಒಂದು ಮುದಿ ಸ್ಕೂಟರು ಪಕ್ಕಕ್ಕೆ ಬಂತು. ಓಡಿಸುತ್ತಿದ್ದವನು ಮಾವನವರ ಹಳೇ ಶಿಷ್ಯ. ಗುರುತು ಹಿಡಿದು, ಹಲ್ಲು ಬಿಟ್ಟು, ಒಂದು ಸೆಲ್ಯೂಟ್ ಹೊಡೆದು ಮುಂದೆ ಹೋದ. ಹಿಂದೆ ಹಾಕಿದ್ದನ್ನು ಮಾವ ಕ್ಷಮಿಸುತ್ತಿದ್ದರೇನೋ. ಸೆಲ್ಯೂಟ್ ಎಡಗೈಯಲ್ಲಿ ಹೊಡೆದಿದ್ದ. ಮಾವನವರ ಪಾದ ಪೆಡಲಿನ ಮೇಲೆ ಬಿಗಿಯಾಯಿತು.

ಮೊದಲು ಒಂದು ಸಣ್ಣ ಸೀಟಿ. ಆಮೇಲೆ ಕಾರು ಹೋಯಿತು. ಹೇಗೆ ಹೋಯಿತು ಅಂದರೆ, ಸೇತುವೆ ಪಕ್ಕದ ಮಹಡಿಗಳ ಮೇಲೆ ಹರವಿದ್ದ ಒದ್ದೆ ಬಟ್ಟೆಗಳು ಅಲ್ಲೇ ಒಣಗಿ, ತಾವೇ ಮಡಚಿಕೊಂಡವು. ಕರವಸ್ತ್ರ ಜಾರಿತು. ಮುಳ್ಳು ಕೆಂಪು ದಾಟಿ, ಅಂಕಿಗಳೆಲ್ಲ ಮುಗಿದು, ಇನ್ನು ಹೋಗಲು ಜಾಗವಿಲ್ಲದೆ ನಡುಗುತ್ತಾ ನಿಂತಿತ್ತು.

"ಮಾವ, ಕಾಲು ಸಡಿಲ ಬಿಡಿ," ಅಂದ ಅಳಿಯ.

ಆ ಕುಟುಂಬದಲ್ಲಿ 'ಸಡಿಲ' ಅನ್ನುವ ಪದ ಕೇಳಿಬಂದದ್ದು ಅದೇ ಮೊದಲು. ಮಾವನಿಗೆ ಅರ್ಥವಾಗುವ ಮುಂಚೆಯೇ ಬಾನೆಟ್ಟಿನೊಳಗೆ ಢಬ್ ಅಂತು, ಉಸ್ಸ್ ಅಂತು, ಕಾರು ಹಾಲು ಕುಡಿದ ಮಗುವಿನ ಹಾಗೆ ತಣ್ಣಗಾಗಿ ಪಕ್ಕಕ್ಕೆ ಹೋಗಿ ನಿಂತಿತು. ಹಿಂದೆ ಬಿದ್ದಿದ್ದ ಸ್ಕೂಟರಿನವನು ದಾಟಿ ಹೋಗುವಾಗ ಇನ್ನೊಂದು ಸೆಲ್ಯೂಟ್ ಹೊಡೆದ.

ಇಂಜಿನ್ ಒಡೆಯಿತು, ತಾನೂ ಮುಗಿದೆ ಅಂದುಕೊಂಡ ಅಳಿಯ, ಬಾನೆಟ್ ಎತ್ತಿ ಹಿಡಿದೇ ಎಲ್ಲವನ್ನೂ ಒಪ್ಪಿಕೊಂಡ. ಅವನು ಮೆಕ್ಯಾನಿಕ್‌ಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ. ಮೆಕ್ಯಾನಿಕ್ ಕೇಳಿ ಕೇಳಿ ನಕ್ಕು, ಅದು ಮನೆ ನಲ್ಲಿ ಅಲ್ಲ, ಬಿಗಿ ಮಾಡಿದರೆ ಏರುತ್ತೆ, ಸಡಿಲ ಬಿಟ್ಟರೆ ಇಳಿಯುತ್ತೆ, ಮೊದಲು ದಪ್ಪ ಪೈಪು ಕಳಚಿದೆಯಾ ನೋಡಿ ಅಂದ. ಕಳಚಿತ್ತು. ವಾಲ್ವ್ ಸಿಕ್ಕಿಸುವಾಗ ಬಿಚ್ಚಿದ್ದ ಅದರ ಕ್ಲಾಂಪನ್ನು, ಅಂದರೆ ಪೈಪು ಹಿಡಿದಿಡುವ ಬಳೆಯನ್ನು, ಮತ್ತೆ ಬಿಗಿ ಮಾಡುವುದನ್ನು ಅಳಿಯ ಮರೆತೇಬಿಟ್ಟಿದ್ದ.

"ಮರೆತಿದ್ದೇ ಪುಣ್ಯ," ಅಂತು ಫೋನು. "ಅದೂ ಬಿಗಿ ಇದ್ದಿದ್ರೆ ಇಂಜಿನ್ನೇ ಹೋಗ್ತಿತ್ತು. ಗಾಳಿಗೆ ಹೋಗೋಕೊಂದು ದಾರಿ ಸಿಕ್ತು, ಬಚಾವಾದ್ರಿ. ಪೈಪು ಸಿಕ್ಸಿ, ಸ್ಕ್ರೂ ಒಂದು ಸುತ್ತು ಸಡಿಲ ಬಿಡಿ, ಆರಾಮಾಗಿ ಹೋಗಿ."

ಅಳಿಯನಿಗೆ ಹೋದ ಜೀವ ಅರ್ಧ ಬಂತು. ಉಳಿದರ್ಧ ಮಾವನವರ ಕೈಯಲ್ಲಿತ್ತು. ಅವರು ಆ ಕ್ಲಾಂಪನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು.

"ಅಳಿಯಂದ್ರೆ, ಇದನ್ನ ಸಡಿಲ ಬಿಟ್ಟಿದ್ದು ಯಾರು?"

"ನಾನೇ, ಮಾವ."

ಮಾವ ಸೇತುವೆಯ ಮೋಟುಗೋಡೆಯ ಮೇಲೆ ಕೂತರು. ಆಮೇಲೆ ಬೆಲ್ಟನ್ನು ಒಂದು ತೂತು ಹಿಂದಕ್ಕೆ ಹಾಕಿದರು. ಉಸ್ಸ್ ಅಂತ ಬಂದ ಸದ್ದು ಈ ಸಲ ಬಾನೆಟ್ಟಿನದಲ್ಲ.

ಅತ್ತೆ ಕಿಟಕಿಯಿಂದ ಕೆದರಿದ ತಲೆ ಹೊರಗೆ ಹಾಕಿ, "ಸ್ಪೀಡು ಪೂರ್ತಿ ಇಳಿಸ್ಬೇಡಿ ಅಳಿಯಂದ್ರೆ," ಅಂದರು. "ಬರುವಾಗ ಮುಂದಿನ ಸೀಟು ನಂದು."

ಮರುದಿನ ಬೆಳಗ್ಗೆ ಅತ್ತೆ ರೂಢಿಯಂತೆ ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಕೊಟ್ಟು, ದಮ್ಮು ಕಟ್ಟಿ ತಿರುಗಿಸಿದರು. ಅದು ಗಿರ್ರನೆ ತಿರುಗಿ ನೀರು ಮುಖಕ್ಕೇ ರಾಚಿತು. ಅವರು ಒರೆಸಿಕೊಳ್ಳಲಿಲ್ಲ.