ಮುಂದೆ ಸೇರಿದ ಎರಡು

ಪಟ್ಟಂ ಜಂಕ್ಷನ್ನಿನ ಎಸ್‌ಟಿಡಿ ಬೂತಿನಲ್ಲಿ ಜೀವಿತಾ ನಾಲ್ಕನೇ ಸಲವೂ ಆರೇ ಅಂಕಿ ಒತ್ತಿದಳು. ಐದು, ಎರಡು, ನಾಲ್ಕು, ಎರಡು, ಎಂಟು, ಏಳು. ನಂಬರು ಬದಲಾಗಿದೆ, ಮುಂದೆ ಎರಡು ಸೇರಿಸಿ ಎಂದು ರೆಕಾರ್ಡಿನ ಹೆಂಗಸು ನಾಲ್ಕನೇ ಸಲವೂ ಹೇಳಿದಳು.

"ಎರಡು ಒತ್ತು ಮೋಳೇ," ಎಂದಳು ಬೂತು ನಡೆಸುವ ಫಾತಿಮಾ. "ಊರಿಗೆಲ್ಲ ಸೇರಿಸಿದ್ದಾರೆ, ನಿಮ್ಮನೆಗೊಂದಕ್ಕೇ ಅಲ್ಲ."

"ವೇಂಡ, ಬೇಡ. ಅದು ಅಪ್ಪನ ನಂಬರಲ್ಲ," ಎಂದಳು ಜೀವಿತಾ.

ಶಾಂತಾ ಸೆರಗಿನಿಂದ ಮಗಳ ಹಣೆ ಒರೆಸಿದಳು. ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸಕ್ಕೆ ಅವಳು ಸೋಮವಾರದಿಂದ ಹೋಗಬೇಕು. ಹದಿಮೂರು ತುಂಬಿದರೂ ಜೀವಿತಾ ಮನೆಯಲ್ಲಿ ಒಬ್ಬಳೇ ಇರಲಾರಳು. ನಾಳೆ ಅವಳನ್ನು ಕಳಮಶ್ಶೇರಿಯ ವಸತಿ ಶಾಲೆಗೆ ಬಿಡಬೇಕು. ಅಲ್ಲಿಂದ ಮನೆಗೆ ಅವಳೇ ಫೋನ್ ಮಾಡಬೇಕು; ಬೇರೆಯವರು ಒತ್ತಿಕೊಟ್ಟ ಫೋನನ್ನು ಅವಳು ಕಿವಿಗೆ ಇಡುವವಳೇ ಅಲ್ಲ. ಊರಿನ ಕೋಡನ್ನು ಒಂದೇ ದಿನದಲ್ಲಿ ಕಲಿತಳು. ಈ ಎರಡನ್ನು ಮಾತ್ರ ಒಂದು ವಾರದಿಂದ ಮುಟ್ಟುತ್ತಿಲ್ಲ.

ರಾಕೆಟ್ ಕೇಂದ್ರದಲ್ಲಿದ್ದ ವೀರಭದ್ರ ಮಗಳಿಗೆ ಆ ಆರು ಅಂಕಿಗಳನ್ನು ಫೋನ್ ನಂಬರಿನಂತೆ ಕಲಿಸಿರಲಿಲ್ಲ. ಹತ್ತೊಂಬತ್ತು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಕೊನೆಗೆ ಒಂದು ಕಳೆಯಲು ಹೇಳಿದ್ದ. "ಅವಿಭಾಜ್ಯ ಸಂಖ್ಯೆ ಪುಟ್ಟಾ! ಇಡೀ ಪಟ್ಟಂನಲ್ಲಿ ಇಂಥ ನಂಬರು ಯಾರಿಗೂ ಸಿಕ್ಕಿಲ್ಲ." ಅವಳು ಒಂದು ಮಳೆಗಾಲವೆಲ್ಲ ಕೂತು, ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ ಭಾಗಿಸುತ್ತ ಹೋಗಿ, ಆಮೇಲೆ ಒಪ್ಪಿದ್ದಳು.

"ಎರಡು ಸೇರಿಸಿದ್ರೆ ಅಂಕಿಗಳ ಮೊತ್ತ ಮೂವತ್ತು," ಎಂದಳು ಈಗ. "ಮೂರರಿಂದ ಭಾಗ ಆಗುತ್ತೆ."

"ಆಗ್ಲಿ ಕಂದಾ. ಮೂರು ಅಂದ್ರೆ ನಾವೇ ಅಲ್ವಾ? ಅಪ್ಪ, ನಾನು, ನೀನು."

ಜೀವಿತಾ ಮೂರು ಬೆರಳು ಎತ್ತಿ, ಒಂದನ್ನು ಮಡಚಿದಳು. "ಅಪ್ಪ ಇಲ್ಲ. ನಾವು ಎರಡು. ಎರಡರಿಂದ ಭಾಗಿಸಿದ್ರೆ ಒಂದು ಉಳಿಯುತ್ತೆ."

"ಚೇಚಿ, ಹೊರಗೆ ಜನ ನಿಂತಿದ್ದಾರೆ," ಎಂದ ಫಾತಿಮಾ ಶಾಂತಾಳ ಮುಖ ನೋಡಿ, "ಇರಲಿ, ನಿಧಾನಕ್ಕೆ ಮಾಡಿ," ಎಂದಳು.

"ಆ ಒಂದು ನಾನು," ಎಂದಳು ಶಾಂತಾ. "ನೀನು ಶಾಲೆಗೆ ಹೋದ್ಮೇಲೆ ಮನೇಲಿ ಉಳಿಯೋಳು. ನೀನು ಫೋನ್ ಮಾಡಿದ್ರೆ ಎತ್ತೋಳು."

ಜೀವಿತಾ ಗುಂಡಿಗಳನ್ನೇ ನೋಡುತ್ತ ನಿಂತಳು. ಆಮೇಲೆ ಎರಡು ಒತ್ತಿದಳು. ಉಳಿದ ಆರನ್ನೂ ಒತ್ತಿದಳು.

ರೆಕಾರ್ಡಿನ ಹೆಂಗಸು ಬರಲಿಲ್ಲ. ಎರಡು ಬೀದಿಯಾಚೆ, ಬೀಗ ಹಾಕಿದ ಅವರ ಫ್ಲ್ಯಾಟಿನಲ್ಲಿ ಫೋನ್ ರಿಂಗಾಗತೊಡಗಿತು. ರಿಸೀವರಿನಿಂದ ಆ ಸದ್ದು ಶಾಂತಾಗೂ ಕೇಳಿಸಿತು. ಅವಳು ಕಣ್ಣೊರೆಸಿಕೊಂಡು, "ಸಾಕು ಕಂದಾ, ಇಡು," ಎಂದಳು.

ಜೀವಿತಾ ಇಡಲಿಲ್ಲ. ಹತ್ತು ಸಲ ರಿಂಗಾಯಿತು, ಹದಿನೈದು ಸಲ ರಿಂಗಾಯಿತು. ಕೊನೆಗೆ ಅವಳು ಪಕ್ಕದಲ್ಲೇ ನಿಂತಿದ್ದ ತಾಯಿಯತ್ತ ತಿರುಗಿದಳು.

"ಎತ್ತಮ್ಮಾ."