ತೊಟ್ಟಿಲ್ಲದ ಕುದುರೆ

ನೀಲಗಂಗವ್ವ ಮೊರ ಮುಂದಿಟ್ಟುಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಅರ್ಧ ಚೀಲ ಮುಗಿದಿತ್ತು. ಉಳಿದರ್ಧ ಸಂಜೆಯೊಳಗೆ ವ್ಯಾಪಾರಿಯ ಮನೆ ಮುಟ್ಟಬೇಕಿತ್ತು. ಅಷ್ಟರಲ್ಲಿ ಪಡಸಾಲೆಯಿಂದ ಗಂಡ ಹಾಲೇಶಪ್ಪ ಮಾಸ್ತರರ ಕೂಗು ಬಂತು.

"ನೀಲಾ, ಲಗೂ ಬಾ. ರಾಮರಾಯ ಒಬ್ಬನ ನಿಂತಾನ."

"ನಿಂದ್ರಲಿ. ಕಾಲು ನೋಯ್ದ್ರ ತಾನ ಕುಂದರ್ತಾನ," ಅಂದಳು. ಆದರೂ ಮೊರ ಎತ್ತಿಕೊಂಡು ಎದ್ದಳು.

ಮಾಸ್ತರರು ಬ್ಯಾಡಗಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿ ನಿವೃತ್ತರಾದವರು. ಅವರು ಕಟ್ಟಿದ ರಣರಂಗ ಮಂಡಳಿಗೆ ಇದ್ದ ಕೆಲಸ ಒಂದೇ. ಮಂಗಳವಾರಕ್ಕೊಮ್ಮೆ ಕೂಡಿ, ದೊಡ್ಡ ಹಲಗೆಯ ಮೇಲೆ ಬೆರಳುದ್ದದ ಮಣ್ಣಿನ ಸೈನಿಕರನ್ನು ಹೂಡಿ, ಹಳೆಯ ಯುದ್ಧಗಳನ್ನು ಮತ್ತೆ ಕಾದುವುದು. ಸೈನಿಕರನ್ನು ಮಾಡಿ ಬಣ್ಣ ಹಚ್ಚಿದವನು ಅವರ ಗೆಳೆಯ, ರಾಣೆಬೆನ್ನೂರಿನ ದರ್ಜಿ ಇಸಾಕಸಾಬ. ತಾಳಿಕೋಟೆಯ ಕದನವೆಂದರೆ ಅವನೇ ವಿಜಯನಗರ, ಮಾಸ್ತರರೇ ಸುಲ್ತಾನರು. ಮೊದಲ ದಿನ ಚೀಟಿ ಎತ್ತಿದಾಗ ಹಾಗೆ ಬಂದಿತ್ತು, ಹಾಗೇ ನಡೆದಿತ್ತು.

ಎರಡು ವರ್ಷದ ಹಿಂದೆ, ಇನ್ನೇನು ವಿಜಯನಗರ ಗೆಲ್ಲಬೇಕು, ಈ ಮನೆಯ ಮೆಣಸಿನ ಘಾಟಿಗೆ ಇಸಾಕಸಾಬನಿಗೆ ಸೀನು ಬಂತು. ಅವನವೇ ನಲವತ್ತು ಕುದುರೆ ಮಗುಚಿ ಬಿದ್ದವು.

"ಬಿದ್ದದ್ದು ಸತ್ತಂಗ," ಎಂದು ಮಾಸ್ತರರು ತೀರ್ಪು ಕೊಟ್ಟರು.

"ಸೀನು ತೋಪಲ್ಲರಿ ಮಾಸ್ತರ್ರ. ನನಗ ತಿಳೀದ ಬಂದದ್ದು," ಎಂದು ಅವನು ಎಷ್ಟು ಹೇಳಿದರೂ ಇವರು ಕೇಳಲಿಲ್ಲ. ಅವನು ಇನ್ನೂರು ಸೈನಿಕರನ್ನೂ ಅರಿವೆಯ ಚೀಲಕ್ಕೆ ತುಂಬಿಕೊಂಡು ಆರು ಗಂಟೆಯ ಬಸ್ಸು ಹತ್ತಿದವನು ಈ ಕಡೆ ತಲೆ ಹಾಕಿರಲಿಲ್ಲ.

ಅಂದಿನಿಂದ ಹಲಗೆಯ ಮೇಲೆ ಬದನೆಕಾಯಿ ಆನೆ, ಅರಿಷಿಣದ ಕೊಂಬು ತೋಪು, ಬೆಳ್ಳುಳ್ಳಿ ಗಡ್ಡೆ ರಾಮರಾಯ. ದಂಡೆಲ್ಲ ಮೆಣಸಿನಕಾಯಿ. ತೊಟ್ಟಿದ್ದದ್ದು ಕುದುರೆ, ಎರಡು ಗೇಣು ಓಡುತ್ತದೆ. ತೊಟ್ಟು ಬಿಡಿಸಿದ್ದು ಕಾಲಾಳು, ಒಂದು ಗೇಣು ನಡೆಯುತ್ತದೆ. ಕಣ್ಣು ಉರಿಯುತ್ತವೆಂದು ಉಳಿದ ಸದಸ್ಯರು ಹಾವೇರಿಯ ಕೇರಂ ಕ್ಲಬ್ಬು ಸೇರಿಕೊಂಡರು. ಮಂಡಳಿಯಲ್ಲಿ ಉಳಿದವಳು ನೀಲಗಂಗವ್ವ ಒಬ್ಬಳೇ. ವಿಜಯನಗರ ಈಗ ಅವಳ ಪಾಲು.

"ನನ್ನ ಎರಡ ಆನಿ ಎಲ್ಲಿ ಹೋದುವು?" ಮಾಸ್ತರರು ಕೇಳಿದರು.

"ನಿನ್ನೆ ಎಣಗಾಯಿ ಪಲ್ಯಾ ಛಲೋ ಆಗೇತಿ ಅಂತ ಎರಡ ಸಲ ಹಾಕ್ಕೊಂಡ್ರಲ್ಲ."

ಮಾಸ್ತರರು ಇದ್ದಷ್ಟರಲ್ಲೇ ದಂಡು ಹೂಡತೊಡಗಿದರು. ನೀಲಗಂಗವ್ವನ ಕಣ್ಣು ಗೋಡೆಯ ಗಡಿಯಾರದ ಕಡೆ ಹೋಯಿತು. ಅದರ ಹಿಂದೆ ಒಂದು ಪಾಕೀಟು ಇತ್ತು. ಇಸಾಕಸಾಬನ ವಿಳಾಸ ಬರೆದು, ಸ್ಟಾಂಪು ಹಚ್ಚಿ, ಮಾಸ್ತರರು ಜಗಳದ ಮರುವಾರವೇ ಅಲ್ಲಿ ಸಿಗಿಸಿದ್ದರು. ದಿನಾ ಧೂಳು ಒರೆಸುವಾಗ ಅವಳ ಕೈಗೆ ಅದು ತಾಕುತ್ತಿತ್ತು. ಮಂಗಳವಾರ ಬಂತೆಂದರೆ ಈ ಮನುಷ್ಯ ಆರು ಗಂಟೆಯ ಬಸ್ಸಿನ ಸಪ್ಪಳಕ್ಕೆ ಕಿವಿ ಕೊಡುವುದೂ ಅವಳಿಗೆ ಗೊತ್ತಿತ್ತು.

"ನಾ ಗೆದ್ರ ಆ ಪತ್ರ ಇವತ್ತ ಟಪಾಲಿಗೆ ಹಾಕಬೇಕ್ರಿ."

"ಸೋತ್ರ?"

"ಇನ್ನೊಮ್ಮೆ ಅದರ ಸುದ್ದಿ ತಗ್ಯಾಂಗಿಲ್ಲ."

ಎರಡು ವರ್ಷದಲ್ಲಿ ಅವಳು ಒಮ್ಮೆಯೂ ಗೆದ್ದಿರಲಿಲ್ಲ. ಮಾಸ್ತರರು ಹಿಗ್ಗಿ ಕವಡೆ ಎಸೆದರು. ಅರ್ಧ ತಾಸಿನಲ್ಲಿ ಅವಳ ಬಲಗಡೆಯ ದಂಡು ಮುರಿಯಿತು. ಸುಲ್ತಾನರ ಇಪ್ಪತ್ತೆಂಟು ಕುದುರೆ ಮಡಿಸಿಟ್ಟ ಕೌದಿಯ ಗುಡ್ಡ ಬಳಸಿ, ರಾಮರಾಯನಿಂದ ಬರೋಬ್ಬರಿ ಎರಡು ಗೇಣು ದೂರದಲ್ಲಿ ಬಂದು ನಿಂತವು. ಇನ್ನೊಂದು ನಡೆ, ಬೆಳ್ಳುಳ್ಳಿ ಹೋಯಿತು.

"ಈಗ ನಿನ್ನ ಪಾಳಿ. ಸಾವಕಾಶ ವಿಚಾರ ಮಾಡು," ಎಂದು ಮಾಸ್ತರರು ತಮ್ಮ ಕಾಯ್ದೆಯ ವಹಿಯಲ್ಲಿ ವಿಜಯೋತ್ಸವದ ಪುಟ ಹುಡುಕತೊಡಗಿದರು.

ನೀಲಗಂಗವ್ವ ವಿಚಾರ ಮಾಡಿದಳು. ಪಾಪ, ಮನಸ್ಸಿಟ್ಟೇ ಮಾಡಿದಳು. ಮಾಸ್ತರರು ತಲೆ ಎತ್ತಿ ನೋಡಿದಾಗ ಹಲಗೆಯ ಅಂಚಿನಲ್ಲಿ ತೊಟ್ಟಿನ ಸಣ್ಣ ಗುಪ್ಪೆ ಬಿದ್ದಿತ್ತು.

"ನೀಲಾ, ಏನ ಮಾಡಿದಿ ಇದು?"

ಅವಳು ತನ್ನ ಕೈ ತಾನೇ ನೋಡಿಕೊಂಡಳು. ನಲವತ್ತು ವರ್ಷದಿಂದ ತನ್ನ ಮುಂದೆ ಬಂದ ಮೆಣಸಿನಕಾಯನ್ನೆಲ್ಲ ಬಿಡಿಸಿದ ಕೈ. "ಅಯ್ಯ, ನನಗ ಗೊತ್ತ ಆಗಲಿಲ್ಲರಿ."

"ಇಪ್ಪತ್ತೆಂಟೂ ಕುದುರಿ ಇಳಿಸಿ ನಡಸಾಕ ಹಚ್ಚೀದಿ."

"ತೊಟ್ಟಿಲ್ಲಂದ್ರ ಕಾಲಾಳು. ನೀವ ಬರದದ್ದು," ಎನ್ನುತ್ತ ಅವಳು ಉಳಿದಿದ್ದ ತನ್ನ ಹನ್ನೆರಡು ಕುದುರೆಗಳನ್ನು ಸುಲ್ತಾನರ ಖಾಲಿ ಡೇರೆಗೆ ಓಡಿಸಿದಳು. ಒಂದು ಗೇಣು ನಡೆಯುವವರು ಹಿಂದಿರುಗಿ ಮುಟ್ಟುವಷ್ಟರಲ್ಲಿ ಡೇರೆ ಅವಳದಾಗಿತ್ತು, ಯುದ್ಧವೂ.

"ಇದು ಲೆಕ್ಕಕ್ಕಿಲ್ಲ," ಮಾಸ್ತರರು ವಹಿ ಮುಚ್ಚಿದರು. "ನೀ ಬೇಕಂತ ಮಾಡಿದ್ದಲ್ಲ. ಮನಷ್ಯಾಗ ತಿಳೀದ ಆದದ್ದನ್ನ ಯುದ್ಧದಾಗ ಹಿಡಿಯೂದು ಯಾವ ನ್ಯಾಯ?"

"ಇಸಾಕಣ್ಣನೂ ಇದನ್ನ ಅಂದಿದ್ದ."

ಮಾಸ್ತರರು ಮುಚ್ಚಿದ ವಹಿಯನ್ನು ಮತ್ತೆ ತೆರೆದರು. ಅವಳು ಮತ್ತೆ ಮೊರ ಹತ್ತಿರ ಎಳೆದುಕೊಂಡಳು. "ಲೆಕ್ಕಕ್ಕೈತಿ ಅಂದ್ರ ನಾ ಗೆದ್ದೇನಿ, ಪತ್ರ ಹಾಕ್ರಿ. ಇಲ್ಲ ಅಂದ್ರ ಅವನ ಸೀನೂ ಲೆಕ್ಕಕ್ಕಿಲ್ಲ, ಪತ್ರ ಹಾಕ್ರಿ."

ಟಪಾಲು ಕಚೇರಿಗೆ ಇಬ್ಬರೂ ಹೋದರು. ದಾರಿಯಲ್ಲಿ ಪಾಕೀಟು ಮತ್ತೆ ಕಿಸೆ ಸೇರೀತೆಂದು ಅವಳು ಬೆನ್ನಿಗೇ ಇದ್ದಳು. ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ಪಾಕೀಟನ್ನು ಕಣ್ಣ ಹತ್ತಿರ ಹಿಡಿದು ವಿಳಾಸ ಓದಿದ. ಎರಡು ವರ್ಷ ಮೆಣಸಿನ ಮನೆಯಲ್ಲಿದ್ದ ಪಾಕೀಟು. ಅದರ ಘಾಟಿಗೆ ಸೀನು ಬಂತು. ಆ ಸೀನಿಗೆ ಅವನು ಸಾಲಾಗಿ ನಿಲ್ಲಿಸಿಟ್ಟಿದ್ದ ಪತ್ರಗಳೆಲ್ಲ ಒಂದರ ಮೇಲೊಂದು ಒರಗಿ, ಕಿಟಕಿಯಿಂದ ಹೊರಗೆ ನೆಲಕ್ಕೆ ಬಿದ್ದವು.

"ಬಿದ್ದದ್ದು..." ಎಂದು ಮಾಸ್ತರರು ಶುರುಮಾಡಿದರು. ನೀಲಗಂಗವ್ವ ಅವರ ಮುಖವನ್ನೇ ನೋಡುತ್ತಿದ್ದಳು.

ಮಾಸ್ತರರು ಬಗ್ಗಿ, ಪತ್ರಗಳನ್ನು ಒಂದೊಂದಾಗಿ ಎತ್ತಿ, ಧೂಳು ಒರೆಸಿ, ಮೊದಲಿದ್ದಂತೆಯೇ ಸಾಲಾಗಿ ನಿಲ್ಲಿಸಿದರು.

"ಇದು ಲೆಕ್ಕಕ್ಕಿಲ್ಲರಿ," ಅಂದರು. "ನೀವು ಮೊದಲ ಆ ಪತ್ರಕ್ಕ ಶಿಕ್ಕಾ ಹೊಡೀರಿ."